ಸೀಟಿನ ಮೇಲಿನ ದಿಂಬು

ಪ್ರಶ್ನೆ: ಅಕ್ಕಾ, ನಮ್ಮದು ಕೋಣಂದೂರು ಹತ್ತಿರದ ಹಳ್ಳಿ. ಅಡಿಕೆ ತೋಟ ಇದೆ. ಹೆಂಡತಿ ತೀರ್ಥಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಹೋಗಿ ಬರಲು ದಿನಕ್ಕೆ 50 ಕಿ.ಮೀ. ಹತ್ತಿರ ಆಗುತ್ತೆ. ಹದಿನಾಲ್ಕು ವರ್ಷದ ಹಳೇ ಆಲ್ಟೋ ಓಡಿಸ್ತಾಳೆ. ಸ್ವಲ್ಪ ಕುಳ್ಳಗಿದ್ದಾಳೆ, ಹಾಗಾಗಿ ಸೀಟಿನ ಮೇಲೆ ದಿಂಬು ಹಾಕ್ಕೊಂಡು ಕೂರ್ತಾಳೆ. ಕಳೆದ ಆಗಸ್ಟ್‌ನಲ್ಲಿ ಡ್ಯೂಟಿ ಮುಗಿಸಿ ರಾತ್ರಿ ಬರುವಾಗ ಜೋರು ಮಳೆ. ಮೊದಲು ವೈಪರ್ ನಿಂತಿತಂತೆ, ಆಮೇಲೆ ಗಾಡಿಯೇ ನಿಂತಿತು. ಅಲ್ಲಿ ನೆಟ್‌ವರ್ಕ್ ಸಿಗಲ್ಲ. ಒಂದೂವರೆ ಗಂಟೆ ಕತ್ತಲಲ್ಲಿ ಕೂತಿದ್ದಳು. ಯಾರೋ ಪಿಕಪ್‌ನವರು ಮನೆವರೆಗೆ ಬಿಟ್ಟು ಹೋದರು. ನಾನು ನಿದ್ದೆ ಮಾಡ್ತಿದ್ದೆ. ಈಗ ಬೆಂಗಳೂರಿನ ಗೆಳೆಯನೊಬ್ಬ 2019ರ ಡೀಸೆಲ್ ಎಸ್‌ಯುವಿ 8 ಲಕ್ಷಕ್ಕೆ ಕೊಡ್ತೀನಿ ಅಂತಿದ್ದಾನೆ. ‘ಇನ್ನೊಬ್ಬರ ತಲೆನೋವು ದುಡ್ಡು ಕೊಟ್ಟು ತರಬೇಡ, ಹೊಸದೇ ತಗೋ’ ಅಂತಾರೆ ಅಪ್ಪ. ಈ ಸಲ ಕೊಳೆ ರೋಗಕ್ಕೆ ಅರ್ಧ ಫಸಲು ಹೋಯ್ತು. ಕೈಯಲ್ಲಿರೋದು 3 ಲಕ್ಷ. ಅವಳಿಗೆ ಇದನ್ನು ಪೂರ್ತಿ ಹೇಳಿಲ್ಲ. ಕಾರಿನ ವಿಷಯ ಅವಳಿಗೆ ಅಷ್ಟು ಗೊತ್ತಾಗಲ್ಲ. ಮದುವೆಯಾದ ದಿನ ಬರ್ತಿದೆ, ಅಂಗಳದಲ್ಲಿ ತಂದು ನಿಲ್ಲಿಸಿ ಖುಷಿಪಡಿಸೋಣ ಅಂತಿದ್ದೀನಿ. ಯಾವುದು ತರಲಿ?

ಉತ್ತರ: ಅಕ್ಕಾ ಎಂದು ಕರೆದಿದ್ದೀರಿ, ಆ ಸಲಿಗೆಯಲ್ಲೇ ಹೇಳ್ತೀನಿ. ಪತ್ರ ಓದಿ ಮುಗಿಸಿದ ಮೇಲೂ ಆ ದಿಂಬು ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಅದರ ಮೇಲೆ ಕೂತು, ಕತ್ತು ಚಾಚಿ, ಬಾನೆಟ್ಟಿನ ಆಚೆ ರಸ್ತೆ ಹುಡುಕುತ್ತಾ ಅವರು ಎಷ್ಟು ವರ್ಷ ಓಡಾಡಿದ್ದಾರೆ! ನಿಮ್ಮ ಮನೆಯಲ್ಲಿ ಆ ಕಾರಿನ ಬಗ್ಗೆ, ಆ ರಸ್ತೆಯ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋದು ಅವರಿಗೇ. ಯಾವ ತಿರುವಿನಲ್ಲಿ ಹೊಂಡ, ಎಲ್ಲಿ ನೀರು ರಸ್ತೆಗೆ ಬರುತ್ತೆ, ಎಲ್ಲಿಂದ ಫೋನ್ ಸಿಗಲ್ಲ, ಎಲ್ಲಾ ಅವರಿಗೆ ಬಾಯಿಪಾಠ ಇರುತ್ತೆ. ಹಾಗಾಗಿ ‘ಅವಳಿಗೆ ಗೊತ್ತಾಗಲ್ಲ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಎಸ್‌ಯುವಿ ಬೇಡ. ಗೆಳೆಯ ಒಳ್ಳೆಯವರೇ ಇರಬಹುದು, ಗಾಡಿಯೂ ಚೆನ್ನಾಗಿರಬಹುದು. ಆದರೆ ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತಲ್ಲ. ಒಂದು ಬದಿ ದರೆ, ಇನ್ನೊಂದು ಬದಿ ಚರಂಡಿ, ನಡುವೆ ಒಂದೇ ಗಾಡಿ ಹೋಗುವಷ್ಟು ಟಾರು. ಎದುರಿಗೆ ಬಸ್ಸು ಬಂದರೆ ಎಡಗಡೆ ಚಕ್ರ ಟಾರಿನಿಂದ ಕೆಳಗಿಳಿಸಬೇಕು. ಕುಳ್ಳಗಿರುವವರಿಗೆ ಎತ್ತರದ ಬಾನೆಟ್ಟಿನ ಗಾಡಿಯಲ್ಲಿ ಆ ಎಡ ಮೂಲೆ ಕಾಣುವುದೇ ಕಷ್ಟ. ಇಲ್ಲಿಯವರೆಗೆ ಆಲ್ಟೋ ಓಡಿಸಿದ ಕೈಗೆ ದೊಡ್ಡ ಗಾಡಿ ಅಭ್ಯಾಸ ಆಗಲ್ಲ ಅಂತಲ್ಲ. ಆದರೆ ರಾತ್ರಿ ಒಂಬತ್ತು ಗಂಟೆಯ ಮಳೆಯಲ್ಲಿ ಅದನ್ನು ಕಲಿಯೋದು ಬೇಡ. ಇನ್ನು ಡೀಸೆಲ್ ಗಾಡಿಯ ಟರ್ಬೋ, ಇಂಜೆಕ್ಟರ್ ಕೈಕೊಟ್ಟರೆ ಆಗುವ ಖರ್ಚು, ಈ ಸಲದ ಫಸಲಿನ ಮೇಲೆ ನೀವು ಹೊರುವಂಥದ್ದಲ್ಲ.

ನಂಬಿಕಸ್ತ ಗಾಡಿ ಅಂದರೆ ಯಾವುದು? ಮಲೆನಾಡಿನವಳಾಗಿ ನಾನು ಹೇಳೋದಾದರೆ, ಕೆಟ್ಟರೆ ತೀರ್ಥಹಳ್ಳಿಯ ಮೆಕ್ಯಾನಿಕ್ಕೇ ಬಿಚ್ಚಿ ನೋಡಬಲ್ಲ ಗಾಡಿ. ಅದರ ಪಾರ್ಟ್ ಮರುದಿನದ ಶಿವಮೊಗ್ಗ ಬಸ್ಸಿನಲ್ಲಿ ಬಂದುಬಿಡಬೇಕು. ನಿಮ್ಮ ಊರಿನಲ್ಲಿ, ಆಸ್ಪತ್ರೆಯ ಮುಂದೆ ಯಾವ ಚಿಕ್ಕ ಪೆಟ್ರೋಲ್ ಕಾರುಗಳು ಜಾಸ್ತಿ ನಿಂತಿರುತ್ತವೆ ನೋಡಿ. ಅದರಲ್ಲೇ ಒಂದನ್ನು ಆರಿಸಿ.

ಹೊಸದೋ ಹಳೆಯದೋ ಎನ್ನುವ ಮೊದಲು ನನ್ನದೊಂದು ಅನುಭವ ಹೇಳಿಬಿಡ್ತೀನಿ. ಹನ್ನೆರಡು ವರ್ಷದ ಹಿಂದೆ ನಾವೊಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆವು. ಫಳಫಳ ಹೊಳೀತಿತ್ತು, ಒಳಗೆ ಸೆಂಟಿನ ವಾಸನೆ. ಮೊದಲ ಮಳೆಗಾಲಕ್ಕೆ ಸೆಂಟು ಹೋಗಿ ಹಸಿ ಮಣ್ಣಿನ ವಾಸನೆ ಶುರುವಾಯಿತು. ಒಂದು ದಿನ ಕಿಟಕಿ ಇಳಿಯಲ್ಲ, ಇನ್ನೊಂದು ದಿನ ಹೆಡ್‌ಲೈಟ್ ಇಲ್ಲ. ನಮ್ಮೂರಿನ ಮೆಕ್ಯಾನಿಕ್ ಬೇರೇನೂ ಮುಟ್ಟಲಿಲ್ಲ. ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಮೆಲ್ಲಗೆ ಎಳೆಯುತ್ತಾ ಹೋದ. ನಾವು ದಿನಾ ಎಳೆಯುವಷ್ಟು ಉದ್ದ ಮುಗಿದ ಮೇಲೂ ಎಳೆದ. ಕೊನೆಯ ಒಂದು ಗೇಣಿನಲ್ಲಿ ಕೆಂಪು ಮಣ್ಣಿನ ಗೆರೆ, ಅಳೆದು ಬಳಿದ ಹಾಗೆ ನೇರವಾಗಿ. ಕಾರು ಎಲ್ಲೋ ನೀರಲ್ಲಿ ಮುಳುಗಿತ್ತು. ಮಾರುವವರು ಸೀಟು, ಮ್ಯಾಟು ಎಲ್ಲಾ ತೊಳೆದಿದ್ದರು, ಬೆಲ್ಟಿನ ಆ ತುದಿ ಮಾತ್ರ ಮರೆತಿದ್ದರು. ಆ ಗಾಡಿಯಲ್ಲಿ ನನ್ನ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ನಿಂತದ್ದನ್ನು ಇವತ್ತಿಗೂ ಮರೆಯಲಾಗಿಲ್ಲ. ನಿಮ್ಮ ಹೆಂಡತಿಯ ಆ ಒಂದೂವರೆ ಗಂಟೆ ನನಗೆ ಅರ್ಥವಾಗುತ್ತೆ.

ನನ್ನನ್ನು ಕೇಳಿದರೆ, ಸಾಲದ ಕಂತು ಕಟ್ಟಲು ಆಗುವುದಾದರೆ ಹೊಸದು, ಚಿಕ್ಕದು. ತಿಂಗಳಿಗೆ 26 ದಿನ ಅಂದರೂ ವರ್ಷಕ್ಕೆ 15 ಸಾವಿರ ಕಿ.ಮೀ. ದಾಟುತ್ತೆ. ಒಬ್ಬರೇ ಓಡಿಸುತ್ತಾರೆ, ರಾತ್ರಿ ಹೊತ್ತು, ನೆಟ್‌ವರ್ಕ್ ಇಲ್ಲದ ದಾರಿ. ಅಂಥವರಿಗೆ ವಾರಂಟಿ ಇರುವ ಗಾಡಿ ಬೇಕು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದರಿಂದ ಹೊಸದಕ್ಕೂ ಹಳೆಯದಕ್ಕೂ ಇದ್ದ ಅಂತರ ಸ್ವಲ್ಪ ಕಡಿಮೆಯಾಗಿದೆ. ಎಸ್‌ಯುವಿಗೂ ನೀವು 5 ಲಕ್ಷ ಸಾಲ ಮಾಡಲೇಬೇಕಲ್ವಾ? ಹಳೇ ಗಾಡಿಯ ಸಾಲಕ್ಕೆ ಬಡ್ಡಿ ಜಾಸ್ತಿ ಇರುತ್ತೆ. 5 ಲಕ್ಷಕ್ಕೆ ಐದು ವರ್ಷ, ಬಡ್ಡಿ ಶೇ. 9 ಆದರೆ ತಿಂಗಳಿಗೆ ಸುಮಾರು 10,380 ರೂಪಾಯಿ. ಶೇ. 12 ಆದರೆ 11,120. ಐದು ವರ್ಷಕ್ಕೆ 44 ಸಾವಿರ ಸುಮ್ನೆ ಹೋಗುತ್ತೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುತ್ತೆ. ಕಂತು ತಿಂಗಳು ತಿಂಗಳು ಬರುತ್ತೆ. ನಿಮ್ಮ ಮನೆಯಲ್ಲಿ ತಿಂಗಳು ತಿಂಗಳು ಬರುವ ದುಡ್ಡು ಯಾರದು? ಅವರ ಸಂಬಳ. ಅಂದರೆ ನೀವು ಕೊಡಿಸುವ ಉಡುಗೊರೆಯ ಕಂತನ್ನು ಐದು ವರ್ಷ ಅವರೇ ಕಟ್ಟುತ್ತಾರೆ. ಅವರನ್ನು ಕೇಳದೆ ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದರೆ ಖುಷಿ ಎಷ್ಟು ದಿನ ಇರುತ್ತೆ? ಎರಡನೇ ತಿಂಗಳಿಗೇ ‘ಈ ಸಲ ಅಡಿಕೆ ದುಡ್ಡು ಎಲ್ಲಿ’ ಎಂಬ ಪ್ರಶ್ನೆ ಬರುತ್ತೆ. ಆವಾಗ ಕೊಳೆ ರೋಗದ ಕಥೆ ಹೇಳೋದಕ್ಕಿಂತ ಇವತ್ತೇ ಹೇಳಿ. ಫಸಲು ಹೋದದ್ದು ನಿಮ್ಮ ತಪ್ಪಲ್ಲ. ಮರಕ್ಕೆ ಔಷಧಿ ಹೊಡೆದ ಮೇಲೂ ಮಳೆ ಬಿಡದಿದ್ದರೆ ಯಾರೇನು ಮಾಡೋಕಾಗುತ್ತೆ? ತೋಟದ ಮನೆಯ ಸೊಸೆಗೆ ಇದು ಅರ್ಥವಾಗದೆ ಇರುತ್ತಾ?

ಇನ್ನೊಂದು ಮಾತು. ‘ನಾನು ನಿದ್ದೆ ಮಾಡ್ತಿದ್ದೆ’ ಎಂದು ಬರೆದಿದ್ದೀರಿ. ಯಾರೂ ಕೇಳದಿದ್ದರೂ ಬರೆದಿದ್ದೀರಿ. ಅದು ನಿಮ್ಮನ್ನು ಎಷ್ಟು ಕಾಡ್ತಿದೆ ಎಂದು ಗೊತ್ತಾಗುತ್ತೆ. ಕೈಯಲ್ಲಿ 3 ಲಕ್ಷ ಇಟ್ಟುಕೊಂಡು 8 ಲಕ್ಷದ ಗಾಡಿ ಹುಡುಕ್ತಿರೋದೂ ಅದಕ್ಕೇ ಅಂತ ನನಗನ್ನಿಸುತ್ತೆ. ಆ ರಾತ್ರಿ ಬಗ್ಗೆ ಅವರ ಹತ್ತಿರ ಬಾಯಿಬಿಟ್ಟು ಮಾತಾಡಿದ್ದೀರಾ? ‘ನಾನು ಎದ್ದಿರಬೇಕಿತ್ತು, ಹುಡುಕಿಕೊಂಡು ಬರಬೇಕಿತ್ತು’ ಅಂತ ಒಂದು ಸಲ ಹೇಳಿ. ಅವರು ಅತ್ತರೆ ಅಳಲಿ. ಸಿಟ್ಟು ಮಾಡಿದರೂ ಸುಮ್ಮನೆ ಕೇಳಿಸಿಕೊಳ್ಳಿ.

ಲೆಕ್ಕ ಮುಂದಿಟ್ಟ ಮೇಲೆ ‘ಇಷ್ಟು ಸಾಲ ಬೇಡ’ ಎಂದು ಅವರೇ ಹೇಳಿದರೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಆದರೆ ದೂರದ್ದು ಬೇಡ, ನಿಮ್ಮ ತಾಲ್ಲೂಕಿನದೇ ಆಗಲಿ, ಓಡಿಸಿದವರ ಪರಿಚಯ ಇರಲಿ. 2022 ಅಥವಾ ಆಮೇಲಿನದು ನೋಡಿ. 2021ರ ಡಿಸೆಂಬರ್ 31ರಿಂದ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಅದಕ್ಕೂ ಮೊದಲೇ, 2019ರಿಂದ ಬಂದಿದೆ. ನಮ್ಮ ಮಳೆಗೆ ಇದು ಬೇಕೇ ಬೇಕು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿಸಿ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡೋದು ಹೇಗೂ ಮರೆಯಲ್ಲ. ಟೈರಿನ ಮೇಲಿನ ನಾಲ್ಕಂಕಿ ಓದಿ: 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರು, ಬ್ಯಾಟರಿಗೆ ಅಂತ 50 ಸಾವಿರ ತೆಗೆದಿಡಿ. ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಳೇ ಸರ್ವಿಸ್ ದಾಖಲೆ ಕೇಳಿಸಿ, ಮೀಟರ್ ತಿರುಗಿಸಿದ್ದರೆ ಅಲ್ಲೇ ಗೊತ್ತಾಗುತ್ತೆ. ಇನ್ಶೂರೆನ್ಸ್ 14 ದಿನದೊಳಗೆ ವರ್ಗಾಯಿಸಿಕೊಳ್ಳಿ. ಯಾವುದೇ ಗಾಡಿ ಬಂದರೂ ಆರ್‌ಸಿ ಅವರ ಹೆಸರಿನಲ್ಲೇ ಇರಲಿ.

ಕೊನೆಯ ತೀರ್ಮಾನಕ್ಕೆ ಮೊದಲು ಗಾಡಿಯನ್ನು ಅವರ ಕೈಗೆ ಕೊಡಿ, ನೀವು ಪಕ್ಕದಲ್ಲಿ ಕೂತಿರಿ. ದಿಂಬು ಮನೆಯಲ್ಲೇ ಬಿಟ್ಟು ಬನ್ನಿ. ಸೀಟು ಎತ್ತರಿಸುವ ಲಿವರ್ ಇದೆಯಾ ನೋಡಿ, ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಇರಲ್ಲ. ಅದಕ್ಕಾಗಿ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಸಾಧ್ಯವಾದರೆ ಕತ್ತಲಾದ ಮೇಲೆ ಅವರ ದಾರಿಯಲ್ಲೇ ಬನ್ನಿ. ಹೆಡ್‌ಲೈಟ್ ಸಾಕಾಗುತ್ತಾ, ಮನೆ ಮುಂದಿನ ದಣಪೆ (ಗೇಟು) ಹತ್ತಿರ ರಿವರ್ಸ್ ತಗೊಳ್ಳುವಾಗ ಹಿಂದೆ ಕಾಣುತ್ತಾ, ಅವರೇ ಹೇಳಲಿ.

ಇದಕ್ಕೆಲ್ಲಾ ಒಂದೆರಡು ತಿಂಗಳು ಹಿಡಿಯುತ್ತೆ, ಹಿಡಿಯಲಿ. ಮುಂದಿನ ಮಳೆಗಾಲಕ್ಕೆ ಇನ್ನೂ ಸಮಯವಿದೆ. ಆದರೆ ಆಲ್ಟೋವನ್ನು ಇದೇ ವಾರ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ವೈಪರ್ ಮೋಟರ್, ಫ್ಯೂಸ್, ಬ್ಯಾಟರಿ ಟರ್ಮಿನಲ್, ಆಲ್ಟರ್ನೇಟರ್ ಬೆಲ್ಟ್ ತೋರಿಸಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ಟಾರ್ಚ್ ಇಡಿ. ಡ್ಯೂಟಿ ಮುಗಿಸಿ ಹೊರಡುವಾಗ ತೀರ್ಥಹಳ್ಳಿಯಿಂದಲೇ ಒಂದು ಫೋನ್ ಮಾಡಲಿ. ಮುಕ್ಕಾಲು ಗಂಟೆಯಲ್ಲಿ ಬಾರದಿದ್ದರೆ ನೀವು ಬೈಕ್ ತೆಗೆದುಕೊಂಡು ಎದುರಿಗೆ ಹೋಗಿ. ನಾಳೆಯೂ ಅವರು ಡ್ಯೂಟಿಗೆ ಹೋಗೋದು ಅದೇ ಆಲ್ಟೋದಲ್ಲಿ, ಅದೇ ದಿಂಬಿನ ಮೇಲೆ ಕೂತು.