ಮೊಟ್ಟೆಯೂ ಬೇಡ ಅನ್ನುವವರ ಊಟ, ಜುಲೈ ತಿಂಗಳ ಫ್ಲೈಟ್: ಚಿಕಾಗೊ, ವೇಗಸ್, ಗ್ರ್ಯಾಂಡ್ ಕ್ಯಾನ್ಯನ್ ಪ್ರಶ್ನೆಗೆ ಉತ್ತರ

ಮೇಡಂ, ಬೆಂಗಳೂರಿಂದ ನಾಲ್ವರು ಚಿಕಾಗೊ ಮೂಲಕ ಲಾಸ್ ವೇಗಸ್‌ಗೆ ಹೋಗಿ, ಅಲ್ಲಿಂದ ಕಾರಿನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಕಡೆ ಸುತ್ತುವ ಪ್ರವಾಸದ ಬಗ್ಗೆ ನೀವು ಕೇಳಿರುವುದು ಎರಡು. ಮೊಟ್ಟೆ ಸಹ ತಿನ್ನದ ಅಪ್ಪ-ಅಮ್ಮನಿಗೆ ಊಟ ಹೇಗೆ ಅನ್ನುವುದು ಒಂದು. ಜುಲೈನಲ್ಲಿ ಚಿಕಾಗೊದಿಂದ ಲಾಸ್ ವೇಗಸ್ ಫ್ಲೈಟ್ ಲೇಟಾದರೆ ಅಥವಾ ರದ್ದಾದರೆ ಏನು ಮಾಡುವುದು ಅನ್ನುವುದು ಇನ್ನೊಂದು. ನನ್ನ ಪ್ರಕಾರ ಎರಡೂ ಒಂದೇ ಪ್ರಶ್ನೆ. ಎಲ್ಲ ಸಮಯಕ್ಕೆ ಸರಿಯಾಗಿ ನಡೆದ ದಿನ ಅಮೆರಿಕದಲ್ಲಿ ಸಸ್ಯಾಹಾರಿ ಉಪವಾಸ ಬೀಳುವುದಿಲ್ಲ. ರಾತ್ರಿ ಏರ್‌ಪೋರ್ಟಿನ ಅಂಗಡಿಗಳು ಶಟರ್ ಎಳೆದ ಮೇಲೆ, ಅಥವಾ ಸಣ್ಣ ಊರಿಗೆ ಒಂಬತ್ತೂವರೆಗೆ ಕಾರು ತಲುಪಿದಾಗ ಬೀಳುತ್ತಾನೆ. ಹಾಗಾಗಿ ತಲೆಗೆ ಒಂದು ಹೊತ್ತಿನ ಊಟ, ಬಿಸಿನೀರು ಹುಯ್ದರೆ ಸಾಕು ಅನ್ನುವಂಥದ್ದು, ಸದಾ ಕೈಚೀಲದಲ್ಲಿರಲಿ. ನಾಲ್ವರಿಗೆ ನಾಲ್ಕು ಪೊಟ್ಟಣ. ಖರ್ಚಾದರೆ ಮರುದಿನವೇ ತುಂಬಿಸಿ.

ಊರಿಂದ ತರುವುದರ ಬಗ್ಗೆ ಮೊದಲು. ಚಟ್ನಿಪುಡಿ, ಸಾರಿನಪುಡಿ, ಉಪ್ಪಿಟ್ಟು ಮಿಕ್ಸ್, ಅವಲಕ್ಕಿ ಮಿಕ್ಸ್, ಚಕ್ಕುಲಿ, ಕೋಡುಬಳೆ, ಎಲ್ಲವೂ ಕಂಪನಿ ಸೀಲ್ ಇರುವ ಪ್ಯಾಕೆಟ್ಟಿನಲ್ಲಿರಲಿ. ಮನೆಯ ಡಬ್ಬಿಗೆ ಅಧಿಕಾರಿಯ ಹತ್ತು ಪ್ರಶ್ನೆ ಬರುತ್ತವೆ. ಪುಡಿಗಳು ದೊಡ್ಡ ಲಗೇಜಿಗೆ ಹೋಗಲಿ; 350 ಮಿಲಿ ಲೋಟದಷ್ಟಕ್ಕಿಂತ ಹೆಚ್ಚು ಪುಡಿ ಹ್ಯಾಂಡ್ ಬ್ಯಾಗಿನಲ್ಲಿದ್ದರೆ ಅಮೆರಿಕದ ಫ್ಲೈಟಿನಲ್ಲಿ ಪ್ರತ್ಯೇಕ ತಪಾಸಣೆ ಆಗುತ್ತದೆ, ಸಮಾಧಾನವಾಗದಿದ್ದರೆ ತೆಗೆದಿಡುತ್ತಾರೆ. ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಮೊಸರು, ಪೀನಟ್ ಬಟರ್ ಇವೆಲ್ಲ ಅವರ ಲೆಕ್ಕದಲ್ಲಿ ದ್ರವ. 100 ಮಿಲಿ ಮೀರಿದ ಬಾಟಲಿ ಹ್ಯಾಂಡ್ ಬ್ಯಾಗಿನಲ್ಲಿ ಹೋಗುವುದಿಲ್ಲ.

ಕರಿಬೇವು ಬೇಡವೇ ಬೇಡ. ನಿಂಬೆ, ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುವ ಸಿಟ್ರಸ್ ಸಿಲಿಡ್ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಅದಕ್ಕೇ ನಿಷೇಧ. ಭಾರತದ ಅಕ್ಕಿಯೂ ಬೇಡ, ಕಾಳು ತಿನ್ನುವ ಖಾಪ್ರಾ ಹುಳುವಿನ ಕಾರಣಕ್ಕೆ ಪ್ರಯಾಣಿಕರು ತರುವಂತಿಲ್ಲ. ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ ಯಾವುದೂ ಇಲ್ಲ. ವಿಮಾನದಲ್ಲಿ ಕೊಟ್ಟ ಸೇಬು ಚೀಲದಲ್ಲಿ ಉಳಿದಿದ್ದರೂ ಅದು ಹಣ್ಣೇ. 'ತಿಂಡಿ ಇದೆಯಾ' ಎಂದು ಕೇಳಿದರೆ ಹೌದು ಅನ್ನಿ. ಹೇಳಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ 10,000 ಡಾಲರ್‌ವರೆಗೆ ದಂಡ ಹಾಕುವ ಅಧಿಕಾರ ಅವರಿಗಿದೆ. ಅಪ್ಪ-ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ. ಹಿರಿಯರು ಗಾಬರಿಯಲ್ಲಿ 'ನೋ, ನೋ' ಅಂದುಬಿಡುತ್ತಾರೆ.

ವಿಮಾನದ ಊಟಕ್ಕೆ ಟಿಕೆಟ್ಟಿನಲ್ಲಿ ಎವಿಎಂಎಲ್ ಎಂದು ಹಾಕಿಸಿ. ಅದು ಭಾರತೀಯ ರೀತಿಯ ಸಸ್ಯಾಹಾರ. 'ಹಿಂದೂ ಮೀಲ್' ಎಂಬ ಎಚ್‌ಎನ್‌ಎಂಎಲ್ ಆರಿಸಿದರೆ ದನದ ಮಾಂಸ ಇರುವುದಿಲ್ಲ, ಕೋಳಿ-ಕುರಿ ಇರುತ್ತದೆ. ಹೆಸರು ನೋಡಿ ಎಷ್ಟೋ ಜನ ಮೋಸಹೋಗುವುದು ಇಲ್ಲೇ. ಇನ್ನೊಂದು ಮಾತು: ಫ್ಲೈಟ್ ಬದಲಾದಾಗ ಈ ಕೋಡ್ ಹೊಸ ಫ್ಲೈಟಿಗೆ ತಾನಾಗಿ ಹೋಗುತ್ತದೆ ಎಂಬ ಭರವಸೆ ಇಲ್ಲ, ಮತ್ತೆ ಹಾಕಿಸಬೇಕು. ಹಾಕಲು ಸಾಮಾನ್ಯವಾಗಿ 24 ಗಂಟೆ ಮುಂಚೆ ಹೇಳಿರಬೇಕಾದ್ದರಿಂದ, ಕೊನೆ ಗಳಿಗೆಯಲ್ಲಿ ಫ್ಲೈಟ್ ಬದಲಾದರೆ ಊಟ ಇಲ್ಲ ಎಂದೇ ತಿಳಿಯಿರಿ. ಕೈಚೀಲದ ಪೊಟ್ಟಣ ಇಂಥ ಹೊತ್ತಿಗೆ. ಅಮೆರಿಕದ ಒಳಗಿನ ಎಕಾನಮಿ ಫ್ಲೈಟಿನಲ್ಲಂತೂ ಬಿಟ್ಟಿ ಊಟವೇ ಇಲ್ಲ, ಒಂದು ಪ್ಯಾಕೆಟ್ ಬಿಸ್ಕತ್ತು ಕೊಟ್ಟಾರು.

ಚಿಕಾಗೊದ ಓ'ಹೇರ್ ಏರ್‌ಪೋರ್ಟಿನಲ್ಲಿ ಫ್ಲೈಟ್ ಬದಲಿಸಲು ನೀವು ಇಟ್ಟುಕೊಂಡಿರುವ ಒಂದು ಗಂಟೆ ಐವತ್ತು ನಿಮಿಷ ಸಾಲದು. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್, ಅಲ್ಲೇ ಲಗೇಜ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ಆಮೇಲೆ ಟರ್ಮಿನಲ್ 5ರಿಂದ ರೈಲಿನಲ್ಲಿ ಟರ್ಮಿನಲ್ 1ಕ್ಕೋ 3ಕ್ಕೋ ಹೋಗಿ ಮತ್ತೊಮ್ಮೆ ಸೆಕ್ಯುರಿಟಿ. ಮೂರು ಗಂಟೆಗೆ ಕಡಿಮೆ ಇಡಬೇಡಿ, ಹಿರಿಯರಿದ್ದರೆ ನಾಲ್ಕು. ವೀಲ್‌ಚೇರ್ ಕೇಳಲು ನಾಚಿಕೆ ಬೇಡ, ಟಿಕೆಟ್ಟಿನಲ್ಲೇ ನಮೂದಿಸಿ. ಆದರೆ ಅಬುಧಾಬಿ ಮೂಲಕ ಬಂದರೆ ಇಮಿಗ್ರೇಶನ್, ಕಸ್ಟಮ್ಸ್ ಎರಡೂ ಅಲ್ಲೇ ಮುಗಿಯುತ್ತವೆ.

ಇನ್ನು ಲೇಟಾಗುವ ವಿಚಾರ. ಬೇಸಿಗೆಯಲ್ಲಿ ಚಿಕಾಗೊ, ಡೆನ್ವರ್, ಡಲ್ಲಾಸ್, ನ್ಯೂವಾರ್ಕ್ ಕಡೆ ಮಧ್ಯಾಹ್ನದ ಮೇಲೆ ಗುಡುಗು-ಮಿಂಚಿನ ಮಳೆ. ಮಿಂಚು ಹತ್ತಿರ ಬಂದರೆ ನೆಲದ ಕೆಲಸದವರನ್ನು ಒಳಗೆ ಕರೆಯುತ್ತಾರೆ, ಲಗೇಜ್, ಇಂಧನ ಎಲ್ಲ ನಿಲ್ಲುತ್ತದೆ. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುವುದರಿಂದ ಬೆಳಗಿನ ತಡ ಸಂಜೆಗೆ ಬೆಳೆದು ನಿಂತಿರುತ್ತದೆ. ಆದ್ದರಿಂದ ಒಳನಾಡಿನ ಫ್ಲೈಟ್ ಆದಷ್ಟು ಬೆಳಗಿನದೇ ಇರಲಿ. ನೀವು ಸಂಜೆ ಇಳಿಯುವವರಾದರೆ ಅಂದು ಚಿಕಾಗೊದಲ್ಲೇ ತಂಗಿ, ಮರುದಿನ ಮೊದಲ ಫ್ಲೈಟ್ ಹಿಡಿಯುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಭಾರತೀಯ ಅಂಗಡಿಗಳ ಬೀದಿಯಾದ ಡೆವಾನ್ ಅವೆನ್ಯೂ ಟ್ಯಾಕ್ಸಿಯಲ್ಲಿ ದೂರವೇನಲ್ಲ, ದೋಸೆ-ಇಡ್ಲಿ ಸಿಗುತ್ತದೆ, ದಿನಸಿಯೂ ಅಲ್ಲೇ ಆಗುತ್ತದೆ. (ಇಂದು ಊರೂರಲ್ಲಿರುವ ಪಟೇಲ್ ಬ್ರದರ್ಸ್ ಅಂಗಡಿ 1974ರಲ್ಲಿ ಶುರುವಾದದ್ದು ಅದೇ ಬೀದಿಯಲ್ಲಿ.)

ರದ್ದಾಯಿತು ಅನ್ನಿ. ಮೂರು ಕೆಲಸ ಒಟ್ಟಿಗೆ ಶುರುಮಾಡಿ: ಒಬ್ಬರು ಕೌಂಟರ್ ಸಾಲಿನಲ್ಲಿ, ಒಬ್ಬರು ಏರ್‌ಲೈನ್ ಆ್ಯಪಿನಲ್ಲಿ, ಒಬ್ಬರು ಫೋನಿನಲ್ಲಿ. ಅಮೆರಿಕದ ನಂಬರ್ ಬ್ಯುಸಿ ಇದ್ದರೆ ಅದೇ ಏರ್‌ಲೈನಿನ ಭಾರತದ ಅಥವಾ ಕೆನಡಾದ ನಂಬರಿಗೆ ಮಾಡಿ, ಟಿಕೆಟ್ ಅವರಿಗೂ ಕಾಣುತ್ತದೆ. 'ಏನಾದರೂ ಮಾಡಿ' ಅನ್ನಬೇಡಿ. ಬೇಕಾದ ಫ್ಲೈಟ್ ನಂಬರ್ ನೀವೇ ಹುಡುಕಿ ಹೇಳಿ. ವೇಗಸ್‌ಗೆ ಸೀಟಿಲ್ಲದಿದ್ದರೆ ಫೀನಿಕ್ಸ್ ಕೇಳಿ, ಅಲ್ಲಿಂದ ಸೌತ್ ರಿಮ್ (ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು) ಸುಮಾರು 230 ಮೈಲಿ, ವೇಗಸ್‌ನಿಂದ 280. ಆದರೆ ಹೂಂ ಅನ್ನುವ ಮೊದಲು ಬಾಡಿಗೆ ಕಾರಿನವರಿಗೆ ಫೋನ್ ಮಾಡಿ. ಒಂದು ಊರಲ್ಲಿ ತೆಗೆದು ಇನ್ನೊಂದು ಊರಲ್ಲಿ ಬಿಟ್ಟರೆ ಡ್ರಾಪ್ ಶುಲ್ಕ ಜೋರು.

ನೀವಾಗಿ ಕ್ಯಾನ್ಸಲ್ ಬಟನ್ ಒತ್ತಬೇಡಿ. 2024ರ ಅಕ್ಟೋಬರಿನಿಂದ ಜಾರಿಯಲ್ಲಿರುವ ನಿಯಮದಂತೆ ಏರ್‌ಲೈನ್ ರದ್ದುಮಾಡಿದರೆ, ಅಥವಾ ಒಳನಾಡಿನ ಪ್ರಯಾಣ 3 ಗಂಟೆ, ಅಂತರರಾಷ್ಟ್ರೀಯ ಪ್ರಯಾಣ 6 ಗಂಟೆ ತಡವಾದರೆ, ಬದಲಿ ಫ್ಲೈಟ್ ಬೇಡ ಎನ್ನುವವರಿಗೆ ಹಣ ವಾಪಸ್ ಬರಬೇಕು, ವೋಚರ್ ಅಲ್ಲ. ಕ್ರೆಡಿಟ್ ಕಾರ್ಡಿಗಾದರೆ 7 ಕೆಲಸದ ದಿನದೊಳಗೆ. ಆದರೆ ಯುರೋಪಿನ ಹಾಗೆ ತಡಕ್ಕೆ ಪರಿಹಾರ ಎಂದು ಕೈಗೆ ದುಡ್ಡು ಕೊಡುವ ಕಾನೂನು ಅಮೆರಿಕದಲ್ಲಿ ಇಲ್ಲ. ಏರ್‌ಲೈನಿನದೇ ತಪ್ಪಾದರೆ (ವಿಮಾನ ಕೆಟ್ಟಿತು, ಸಿಬ್ಬಂದಿ ಇಲ್ಲ) ದೊಡ್ಡ ಕಂಪನಿಗಳು ಮೂರು ಗಂಟೆ ಮೀರಿದ ಮೇಲೆ ಊಟದ ಕೂಪನ್ ಕೊಡುತ್ತವೆ, ರಾತ್ರಿ ಉಳಿಯಬೇಕಾದರೆ ಹೆಚ್ಚಿನವು ಹೋಟೆಲ್ ರೂಮು ಕೊಡುತ್ತವೆ. ಕೇಳಿದರೆ ಮಾತ್ರ. ಮಳೆ-ಗಾಳಿಯ ಕಾರಣ ಅಂದರೆ ಅದೂ ಇಲ್ಲ, ರೂಮಿನ ಖರ್ಚು ನಿಮ್ಮದೇ. ಇದಕ್ಕಾಗಿ ಇನ್ಶೂರೆನ್ಸ್ ತೆಗೆಯುವಾಗ 'ಟ್ರಿಪ್ ಡಿಲೇ' ಎಷ್ಟು ಗಂಟೆಯ ನಂತರ ಅನ್ವಯ ಎಂದು ನೋಡಿ: 6 ಗಂಟೆಯದ್ದಕ್ಕೂ 12 ಗಂಟೆಯದ್ದಕ್ಕೂ ತುಂಬಾ ವ್ಯತ್ಯಾಸ. ತಡದ ಕಾರಣವನ್ನು ಏರ್‌ಲೈನಿನಿಂದ ಬರಹದಲ್ಲಿ ಪಡೆದು, ಬಿಲ್ಲುಗಳ ಫೋಟೊ ಇಟ್ಟುಕೊಳ್ಳಿ.

ಬಾಗಿಲು ಹಾಕಿದ ವಿಮಾನ ರನ್‌ವೇ ಹತ್ತಿರ ನಿಂತುಬಿಟ್ಟರೆ ಎರಡು ಗಂಟೆಯೊಳಗೆ ನೀರು, ಸ್ವಲ್ಪ ತಿಂಡಿ ಕೊಡಬೇಕು. ಒಳನಾಡಿನ ಫ್ಲೈಟಾದರೆ ಮೂರು ಗಂಟೆಗೆ ಇಳಿಯಲು ಅವಕಾಶ. ಆ 'ಸ್ವಲ್ಪ ತಿಂಡಿ' ಸಕ್ಕರೆ ಕಾಯಿಲೆಯವರಿಗೆ ಊಟ ಅಲ್ಲ. ಅಪ್ಪನ ಮಾತ್ರೆ, ಚೀಟಿ ಸಮೇತ, ಓವರ್‌ಹೆಡ್ ಬಿನ್ನಿನಲ್ಲಲ್ಲ, ಕಾಲ ಬುಡದ ಚೀಲದಲ್ಲಿರಲಿ.

ವೇಗಸ್ ತಲುಪುವುದು ಮರುದಿನವಾಗುತ್ತದೆ ಎಂದು ಗೊತ್ತಾದ ಕೂಡಲೇ ಹೋಟೆಲ್ಲಿಗೂ ಕಾರಿನವರಿಗೂ ತಿಳಿಸಿ. ಮೊದಲ ರಾತ್ರಿ ಬರದವರ ಬುಕಿಂಗ್ ಪೂರ್ತಿ ರದ್ದಾಗುವುದುಂಟು.

ಊಟದ ಮಾತಿಗೆ ಬರುತ್ತೇನೆ, ಇದೇ ಉದ್ದ. ನಿಮ್ಮ ಪ್ರಶ್ನೆಗೆ ಇನ್ನೊಬ್ಬರು 'ಮೆಕ್‌ಡೊನಾಲ್ಡ್ಸ್ ಇದೆಯಲ್ಲ, ಫ್ರೈಸ್ ತಿನ್ನಿಸಿ' ಎಂದು ಬರೆದಿದ್ದಾರೆ. ಬೇಡ. ಅಮೆರಿಕದಲ್ಲಿ ಅವರ ಫ್ರೈಸ್‌ನಲ್ಲೂ ಹ್ಯಾಶ್ ಬ್ರೌನ್‌ನಲ್ಲೂ ದನದ ಮಾಂಸದ ಫ್ಲೇವರ್ ಇದೆ. ಇದರ ಮೇಲೆ ಕೇಸಾಗಿ 2002ರಲ್ಲಿ ಕಂಪನಿ 10 ಮಿಲಿಯನ್ ಡಾಲರ್ ಕೊಟ್ಟು ರಾಜಿಯಾಯಿತು, ಫ್ಲೇವರ್ ಹಾಗೇ ಉಳಿಯಿತು. ನಮ್ಮ ಹಸಿರು ಚುಕ್ಕಿ ಅಲ್ಲಿಲ್ಲ, 'ವೆಜಿಟೇರಿಯನ್' ಅಂದರೆ ಮೊಟ್ಟೆ ಸೇರಿಯೇ ಇರುತ್ತದೆ. ಪ್ಯಾಕೆಟ್ಟಿನ ಮೇಲೆ 'ವೀಗನ್' (ಹಾಲೂ ಇಲ್ಲದ ಪೂರ್ತಿ ಸಸ್ಯಾಹಾರ) ಎಂದಿದ್ದರೆ ನಿಶ್ಚಿಂತೆ. ಬಾಯಲ್ಲಿ ಹೇಳುವಾಗ ಇಡೀ ವಾಕ್ಯ ಹೇಳಿ: 'ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್, ಡೈರಿ ಈಸ್ ಓಕೆ.' ಬರೀ 'ನೋ ಮೀಟ್' ಅಂದರೆ ಕೋಳಿ ಬರುತ್ತದೆ.

ಹೆದ್ದಾರಿಯಲ್ಲಿ ನಂಬಬಹುದಾದದ್ದು ಮೆಕ್ಸಿಕನ್ ಥರದ ಫಾಸ್ಟ್‌ಫುಡ್ ಹೋಟೆಲು ಟಾಕೊ ಬೆಲ್: ಬೀನ್ ಬರಿಟೊ, ಅಥವಾ ಯಾವುದೇ ಐಟಂನಲ್ಲಿ ಬೀಫ್ ಬದಲು ಬೀನ್ಸ್. ಚಿಪೋಟ್ಲೆಯಲ್ಲಿ ಅನ್ನ, ಬ್ಲ್ಯಾಕ್ ಬೀನ್ಸ್, ಫಹೀಟಾ ತರಕಾರಿ, ಸಾಲ್ಸಾ. ಒಂದು ಬೌಲ್ ಅಮ್ಮನಂಥವರು ಇಬ್ಬರಿಗೆ ಸಾಕು. ಆದರೆ ಇದೇ ಧೈರ್ಯದಲ್ಲಿ ಊರಿನ ಸಣ್ಣ ಮೆಕ್ಸಿಕನ್ ಹೋಟೆಲಿಗೆ ಹೋಗಬೇಡಿ, ಅಲ್ಲಿ ಬೀನ್ಸಿಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸ್ಟಾಕ್ ಹಾಕುವುದು ರೂಢಿ. ಥಾಯ್‌ನಲ್ಲಿ ಫಿಶ್ ಸಾಸ್, ಸೀಸರ್ ಸಲಾಡ್‌ನಲ್ಲಿ ಆಂಚೊವಿ ಮೀನು, ಫ್ರೆಂಚ್ ಆನಿಯನ್ ಸೂಪ್‌ನಲ್ಲಿ ಬೀಫ್ ಸ್ಟಾಕ್, ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಮೂಲದ ಜೆಲಟಿನ್, ಹಲವು ವೆಜಿ ಬರ್ಗರ್‌ಗಳಲ್ಲಿ ಮೊಟ್ಟೆಯ ಬಿಳಿ. ಬರ್ಗರ್ ಕಿಂಗ್‌ನ ಇಂಪಾಸಿಬಲ್ ವಾಪರ್ ಎಂಬ ಮಾಂಸವಿಲ್ಲದ ಬರ್ಗರನ್ನು ಮಾಂಸ ಸುಡುವ ಕಡೆಯೇ ಸುಡುತ್ತಾರೆ, ಮೇಯೊನೇಸ್‌ನಲ್ಲಿ ಮೊಟ್ಟೆಯೂ ಇದೆ. ಚೀಸ್ ಪಿಜ್ಜಾ ಆಗಬಹುದು.

ವೇಗಸ್‌ನಲ್ಲಿ ಇಥಿಯೋಪಿಯನ್ ಹೋಟೆಲುಗಳು ಸಾಕಷ್ಟಿವೆ. ವೆಜಿ ಕಾಂಬೊ ಹೇಳಿದರೆ ಹುಳಿದೋಸೆಯಂಥ ಇಂಜೆರಾದ ಮೇಲೆ ನಾಲ್ಕೈದು ಬಗೆ ಬೇಳೆ, ಸೊಪ್ಪು, ಕೋಸು ಬಡಿಸುತ್ತಾರೆ. ಅವರ ಉಪವಾಸದ ಅಡುಗೆಯಾದ್ದರಿಂದ ಮಾಂಸ, ಮೊಟ್ಟೆ ಸುಳಿಯುವುದಿಲ್ಲ. ಪಿಜ್ಜಾ ಸಾಕಾದ ಹಿರಿಯರಿಗೆ ನನ್ನ ಮೊದಲ ಸಲಹೆ ಇದೇ.

ವೇಗಸ್ ಬಿಟ್ಟ ಮೇಲೆ ಅಡುಗೆಮನೆ ಇರುವ ರೂಮು ಸಿಕ್ಕಲ್ಲಿ ಬಿಡಬೇಡಿ: ರೆಸಿಡೆನ್ಸ್ ಇನ್, ಹೋಮ್‌ವುಡ್ ಸೂಟ್ಸ್ ಥರದವು. ಊರಿನ ಕರೆಂಟ್ ಕುಕ್ಕರ್ ಒಯ್ಯಬೇಡಿ. ಅಲ್ಲಿ 120 ವೋಲ್ಟ್. 230 ವೋಲ್ಟಿನ ಕಾಯಿಲ್ ಅದರಲ್ಲಿ ಕಾಲು ಭಾಗದಷ್ಟೇ ಶಾಖ ಕೊಡುತ್ತದೆ, ಅಕ್ಕಿ ನೆನೆದು ಕೂರುತ್ತದೆ. ಬರೀ ಮೈಕ್ರೋವೇವ್ ಇದ್ದರೆ: ಒಂದು ಲೋಟ ಸೋನಾ ಮಸೂರಿ ತೊಳೆದು 20 ನಿಮಿಷ ನೆನೆಸಿ, ಎರಡು ಲೋಟ ನೀರು, ಕನಿಷ್ಠ ಎರಡೂವರೆ ಲೀಟರಿನ ಗಾಜಿನ ಬಟ್ಟಲು (ಚಿಕ್ಕದಾದರೆ ಉಕ್ಕಿ ಹರಿಯುತ್ತದೆ), ಮುಚ್ಚದೆ ಪೂರ್ತಿ ಪವರಿನಲ್ಲಿ 10 ನಿಮಿಷ, ಅರ್ಧ ಪವರಿನಲ್ಲಿ 6 ನಿಮಿಷ, ಮುಚ್ಚಿ 5 ನಿಮಿಷ ಬಿಡಿ. ಹೋಟೆಲಿನ 700 ವಾಟ್ ಮಷೀನಿಗೆ ಎರಡು-ಮೂರು ನಿಮಿಷ ಹೆಚ್ಚು. ಸೌತ್ ರಿಮ್ ಸುಮಾರು 7,000 ಅಡಿ, ಯೂಟಾದ ಬ್ರೈಸ್ ಕ್ಯಾನ್ಯನ್ ಅದಕ್ಕೂ ಮೇಲೆ. ಅಲ್ಲಿ ನೀರು 93 ಡಿಗ್ರಿ ಸುಮಾರಿಗೇ ಕುದಿಯುವುದರಿಂದ ಅರ್ಧ ಲೋಟ ನೀರು, ಐದು ನಿಮಿಷ ಜಾಸ್ತಿ ಬೇಕು. ತೊಗರಿಬೇಳೆ ಬೇಯಿಸುವ ಸಾಹಸ ಅಲ್ಲಿ ಬೇಡ.

ಇನ್ನೂ ಸುಲಭ: 90 ಸೆಕೆಂಡಿನ ರೆಡಿ ರೈಸ್ ಪೌಚ್, ಜಾಸ್ಮಿನ್ ಅಥವಾ ಬಾಸ್ಮತಿ, ಸುಮಾರು 250 ಗ್ರಾಂ, ಒಬ್ಬರಿಗೆ ಒಂದು. ಅದಕ್ಕೆ ಮೊಸರು. ಡಬ್ಬಿಯ ಮೇಲೆ 'ಪ್ಲೇನ್, ಹೋಲ್ ಮಿಲ್ಕ್' ಎಂದಿರಲಿ. ಅವಸರದಲ್ಲಿ ವೆನಿಲಾ ಡಬ್ಬಿ ತಂದು ಮೊಸರನ್ನ ಕಲಸಿದರೆ ಯಾರೂ ತಿನ್ನಲಾರರು. ಗ್ರೀಕ್ ಮೊಸರಾದರೆ ಕಾಲು ಭಾಗ ಹಾಲು ಬೆರೆಸಿ. ರೂಮಿನ ಕಾಫಿ ಮಷೀನನ್ನು ಒಮ್ಮೆ ಖಾಲಿ ನೀರಲ್ಲಿ ಓಡಿಸಿ, ಇಲ್ಲದಿದ್ದರೆ ಉಪ್ಪಿಟ್ಟು ಕಾಫಿ ವಾಸನೆ ಹೊಡೆಯುತ್ತದೆ.

ದಿನಸಿ ತುಂಬಿಸಲು ನಿಮ್ಮ ದಾರಿಯಲ್ಲಿ ವಾಲ್‌ಮಾರ್ಟ್ ಇರುವುದು ಫ್ಲಾಗ್‌ಸ್ಟಾಫ್, ಪೇಜ್ ಎಂಬ ಊರು, ಮತ್ತು ಯೂಟಾದ ಝಯಾನ್ ಪಾರ್ಕ್ ಹತ್ತಿರದ ಹರಿಕೇನ್‌ನಲ್ಲಿ. ಸೌತ್ ರಿಮ್ ಒಳಗೇ ಕ್ಯಾನ್ಯನ್ ವಿಲೇಜ್ ಮಾರ್ಕೆಟ್ ಇದೆ, ಬೆಲೆ ಜಾಸ್ತಿ.

ಕ್ಯಾನ್ಯನ್ ಕಡೆಯ ಅಡಚಣೆಗಳು ಬೇರೆ ಥರ. ಸೌತ್ ರಿಮ್‌ಗೆ ನೀರು ತರುವ ಹಳೆಯ ಪೈಪ್ ಒಡೆದು 2024ರ ಆಗಸ್ಟ್ 29ರಿಂದ ಪಾರ್ಕಿನೊಳಗಿನ ರಾತ್ರಿ ವಾಸ್ತವ್ಯವನ್ನೇ ನಿಲ್ಲಿಸಿದ್ದರು. ನಾರ್ತ್ ರಿಮ್‌ನ ಲಾಡ್ಜ್ 2025ರ ಜುಲೈ ಬೆಂಕಿಯಲ್ಲಿ ಸುಟ್ಟಿತು. ಹಾಗಾಗಿ ಪಾರ್ಕಿನೊಳಗೆ ರೂಮಿದ್ದರೂ ಹೊರಗಿನ ಟುಸಾಯನ್ ಅಥವಾ ಫ್ಲಾಗ್‌ಸ್ಟಾಫ್‌ನಲ್ಲಿ ಕ್ಯಾನ್ಸಲ್ ಮಾಡಬಹುದಾದ ಒಂದು ರೂಮು ಹಿಡಿದಿಡಿ, ಹೊರಡುವ ಹಿಂದಿನ ದಿನ ಪಾರ್ಕ್ ಸರ್ವಿಸ್ ಪುಟ ನೋಡಿ ಒಂದನ್ನು ಬಿಡಿ. ಜೂನ್ 15ರಿಂದ ಸೆಪ್ಟೆಂಬರ್ ಕೊನೆವರೆಗೆ ಅಲ್ಲಿ ಮಾನ್ಸೂನ್ ಲೆಕ್ಕ. ಪೇಜ್ ಹತ್ತಿರದ ಆಂಟಲೋಪ್ ಕ್ಯಾನ್ಯನ್ ಟೂರ್, ಝಯಾನ್‌ನ ನ್ಯಾರೋಸ್ ಎಂಬ ಕಿರಿದಾದ ಕೊರಕಲು ಬಿಸಿಲಿದ್ದಾಗಲೂ ಮುಚ್ಚಬಹುದು, ಮೇಲೆ ಎಲ್ಲೋ ಸುರಿದ ಮಳೆ ಕೊರಕಲಿಗೆ ನುಗ್ಗುತ್ತದೆ. 1997ರ ಆಗಸ್ಟಿನಲ್ಲಿ ಲೋವರ್ ಆಂಟಲೋಪ್‌ನಲ್ಲಿ ಹನ್ನೊಂದು ಪ್ರವಾಸಿಗರು ಸತ್ತದ್ದು ಹೀಗೆಯೇ. ರದ್ದು ಮಾಡಿದರೆ ವಾದಿಸಬೇಡಿ. ಟೂರ್ ಬೆಳಗ್ಗೆಯೇ ಇರಲಿ, ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನ.

ಗಡಿಯಾರ: ಬೇಸಿಗೆಯಲ್ಲಿ ವೇಗಸ್, ಸೌತ್ ರಿಮ್, ಪೇಜ್ ಮೂರೂ ಒಂದೇ ಸಮಯ, ಯೂಟಾ ಒಂದು ಗಂಟೆ ಮುಂದೆ. ದಾರಿಯಲ್ಲಿನ ನವಾಹೊ ನೇಶನ್ (ನವಾಹೊ ಮೂಲನಿವಾಸಿಗಳ ಪ್ರದೇಶ) ಕೂಡ ಒಂದು ಗಂಟೆ ಮುಂದೆ, ಆದರೆ ಆಂಟಲೋಪ್ ಟೂರಿನವರು ನಡೆಸುವುದು ಪೇಜ್ ಸಮಯ. ಫೋನ್ ಟವರ್ ಹಿಡಿದು ಅತ್ತಿತ್ತ ಹಾರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನನ್ನು ಕೈಯಾರೆ ಫೀನಿಕ್ಸ್ ಎಂದು ಇಟ್ಟು, ಯೂಟಾದೊಳಗೆ ಕಾಲಿಟ್ಟ ಮೇಲೆ ಬದಲಿಸಿ.

ಬೆಂಗಳೂರಿಂದ ವೇಗಸ್‌ವರೆಗೆ ನಾಲ್ವರದೂ ಒಂದೇ ಪಿಎನ್‌ಆರ್ ಹೌದೋ, ಚಿಕಾಗೊದಿಂದ ಮುಂದಕ್ಕೆ ಬೇರೆ ಟಿಕೆಟ್ಟೋ ನೀವು ಬರೆದಿಲ್ಲ. ಬೇರೆಯಾದರೆ ಮೊದಲ ಫ್ಲೈಟ್ ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಏರ್‌ಲೈನ್ ನಿಮ್ಮನ್ನು 'ಬರಲಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುತ್ತದೆ, ಮೇಲೆ ಹೇಳಿದ ರೀಬುಕಿಂಗ್ ಯಾವುದೂ ನಡೆಯುವುದಿಲ್ಲ. ಟಿಕೆಟ್ ನೋಡಿ, ಹೆಸರು-ನಂಬರ್ ಮುಚ್ಚಿ ಅದರ ಫೋಟೊ ಇಲ್ಲಿ ಹಾಕಿ.