ಪಕ್ಷಪಾತದ ಬಗ್ಗೆ ದೂರಿದರೆ ಸ್ಥಳೀಯ ಪತ್ರಿಕೆಯವರು ಉತ್ತರವನ್ನೇ ಕೊಡುವುದಿಲ್ಲ, ಏಕೆ?

ಬಹಳಷ್ಟು ಸಲ ದೂರು ಹೋಗಿ ಸೇರುವುದು ಆ ಸುದ್ದಿಯನ್ನು ತಿದ್ದಿ ಪುಟಕ್ಕೆ ಹಾಕಿದವರ ಡೆಸ್ಕಿಗೇ. ತಮ್ಮ ತೀರ್ಮಾನವನ್ನು ತಾವೇ ವಿಚಾರಿಸುವಾಗ ತಪ್ಪು ಕಾಣುವುದು ಕಡಿಮೆ. ಸುದ್ದಿಮನೆಯ ಹೊರಗೆ ನಿಂತು ದೂರು ನೋಡುವ ಓದುಗರ ಪ್ರತಿನಿಧಿ ಸಣ್ಣ ಪತ್ರಿಕೆಗಳಲ್ಲಿ ಅಪರೂಪ. ನ್ಯೂಯಾರ್ಕ್ ಟೈಮ್ಸ್ ಕೂಡ 2003ರಲ್ಲಿ ತಂದ ಅಂಥ ಹುದ್ದೆಯನ್ನು 2017ರಲ್ಲಿ ಕೈಬಿಟ್ಟಿತು.

ಇನ್ನೊಂದು ತೊಡಕು ದೂರಿನಲ್ಲೇ ಇರುತ್ತದೆ. ‘ನೀವು ಅವರ ಪರ’ ಎಂದಷ್ಟೇ ಬರೆದರೆ ತಿದ್ದುಪಡಿ ಹಾಕಲು ಅದರಲ್ಲಿ ಏನೂ ಸಿಗುವುದಿಲ್ಲ. ಎರಡೂ ಕಡೆಯವರು ಬೈಯುತ್ತಿದ್ದಾರೆ, ಅಂದರೆ ನಾವು ಸರಿ ಎಂದು ಸಂಪಾದಕರು ಸಮಾಧಾನ ಮಾಡಿಕೊಳ್ಳುತ್ತಾರೆ (ಸೋಮಾರಿ ವಾದ, ಎರಡೂ ಕಡೆಗೆ ತಪ್ಪೆಸಗಲು ಸಾಧ್ಯವಿದೆಯಲ್ಲ!). ಹಾಗಾಗಿ ದಿನಾಂಕ, ಪುಟ, ತಲೆಬರಹ, ತಪ್ಪಾದ ವಾಕ್ಯ, ಸರಿಯಾದುದಕ್ಕೆ ದಾಖಲೆ ಇಷ್ಟನ್ನೂ ಕೊಡಿ, ಪತ್ರಕ್ಕೊಂದೇ ತಪ್ಪು. ಒಲವನ್ನೇ ತೋರಿಸಬೇಕಿದ್ದರೆ ಒಂದೇ ವಿಷಯದ ನಾಲ್ಕು ವಾರಗಳ ವರದಿಗಳನ್ನು ಮುಂದಿಟ್ಟುಕೊಂಡು, ಯಾರ ಹೇಳಿಕೆ ಎಷ್ಟು ಸಲ, ಯಾವ ಪುಟದಲ್ಲಿ ಬಂತು ಎಂದು ಎಣಿಸಿ ಕಳಿಸಿ. ಅಂಕಣ, ಸಂಪಾದಕೀಯಗಳನ್ನು ಎಣಿಕೆಗೆ ಸೇರಿಸಬೇಡಿ. ಸೇರಿಸಿದರೆ ‘ಅದು ಅಭಿಪ್ರಾಯದ ಪುಟ’ ಎಂದು ಇಡೀ ದೂರನ್ನೇ ಪಕ್ಕಕ್ಕಿಡುತ್ತಾರೆ.