ಗ್ರಾಫ್‌ನ ಕೆಳಗಿನ ದಿನಾಂಕಗಳು ಒಂದರ ಮೇಲೊಂದು ಬೀಳುತ್ತಿವೆ, ಓದುವಂತೆ ಮಾಡುವುದು ಹೇಗೆ?

ಪೈಥಾನ್‌ನಲ್ಲಿ ಮೂರು ವರ್ಷಗಳ ದಿನವಹಿ ಅಂಕಿಗಳನ್ನು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಗ್ರಾಫ್ ಲೈಬ್ರರಿಯಿಂದ ಬಿಡಿಸಿದ್ದೀರಿ. ದಿನಾಂಕಗಳು ಕಪ್ಪು ಪಟ್ಟಿಯಾಗಿ ಕಾಣುತ್ತಿವೆ, ಓರೆಯಾಗಿ ತಿರುಗಿಸಿದರೂ ಪ್ರಯೋಜನವಾಗಿಲ್ಲ ಎಂದಿದ್ದೀರಿ. ತಿರುಗಿಸುವ ಮಾತನ್ನು ಸದ್ಯಕ್ಕೆ ಬಿಡಿ. ಸಾವಿರಕ್ಕೂ ಹೆಚ್ಚು ದಿನಾಂಕಗಳು ಒಂದೇ ಸಾಲಿನಲ್ಲಿ ನಿಂತರೆ ಯಾವ ಕೋನದಲ್ಲೂ ಜಾಗ ಸಾಲುವುದಿಲ್ಲ.

ಮೊದಲು ದಿನಾಂಕದ ಕಾಲಂ ಯಾವ ಬಗೆಯದು ಎಂದು ನೋಡಿ. ಅದು ಬಹುತೇಕ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಆಗಿಯೇ ಉಳಿದಿರುತ್ತದೆ. ಸ್ಟ್ರಿಂಗ್ ಎಂದರೆ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಅದು ಕಾಲವಲ್ಲ, ಬರೀ ಹೆಸರು. ಹಾಗಾಗಿ ಪ್ರತಿ ಹೆಸರಿಗೂ ಒಂದು ಗುರುತು ಹಾಕುತ್ತದೆ, ಎಲ್ಲವನ್ನೂ ಸಮಾನ ಅಂತರದಲ್ಲಿ ಜೋಡಿಸುತ್ತದೆ. ನನಗೆ ಅಂದಕ್ಕಿಂತ ಈ ಎರಡನೆಯದೇ ಹೆಚ್ಚು ಕಳವಳದ ವಿಷಯ: ನಡುವೆ ಒಂದು ತಿಂಗಳ ಅಂಕಿಗಳೇ ಇಲ್ಲದಿದ್ದರೂ ಗ್ರಾಫ್‌ನಲ್ಲಿ ಆ ತೆರಪು ಕಾಣುವುದೇ ಇಲ್ಲ. ನೋಡುವವರು ತಪ್ಪು ತಿಳಿಯುತ್ತಾರೆ.

ಕೋಷ್ಟಕದ ಅಂಕಿಗಳನ್ನು ನಿಭಾಯಿಸುವ ಪಾಂಡಾಸ್ ಲೈಬ್ರರಿಯ ಟು_ಡೇಟ್‌ಟೈಮ್ ಬಳಸಿ ಕಾಲಂ ಅನ್ನು ನಿಜವಾದ ದಿನಾಂಕಗಳಾಗಿ ಬದಲಾಯಿಸಿ. ನಿಮ್ಮ ಕಡತದಲ್ಲಿ ದಿನ ಮೊದಲು, ತಿಂಗಳು ಆಮೇಲೆ ಇದ್ದರೆ ಫಾರ್ಮ್ಯಾಟ್ ಅನ್ನು ನೀವೇ ಸ್ಪಷ್ಟವಾಗಿ ಕೊಡಿ. ಇಲ್ಲದಿದ್ದರೆ 03/04/2023 ಎಂಬುದನ್ನು ಅದು ಮಾರ್ಚ್ 4 ಎಂದು ಓದಬಹುದು. ಬದಲಾಯಿಸಿದ ಮೇಲೆ ದಿನಾಂಕದ ಕ್ರಮದಲ್ಲಿ ಜೋಡಿಸಿ, ಇಲ್ಲವಾದರೆ ಗೆರೆ ಹಿಂದೆ ಮುಂದೆ ಓಡಾಡಬಹುದು.

ಹೆಚ್ಚಿನ ಸಲ ಇಷ್ಟಕ್ಕೇ ಸಮಸ್ಯೆ ಮುಗಿಯುತ್ತದೆ. ಇನ್ನೂ ಹಿಡಿತ ಬೇಕೆಂದರೆ, ಗುರುತು ಎಲ್ಲಿ ಬರಬೇಕು ಎಂಬುದು ಲೊಕೇಟರ್‌ನ ಕೆಲಸ, ಅಲ್ಲಿ ಏನು ಬರೆಯಬೇಕು ಎಂಬುದು ಫಾರ್ಮ್ಯಾಟರ್‌ನ ಕೆಲಸ. ಮೂರು ವರ್ಷಕ್ಕೆ ಮಂತ್‌ಲೊಕೇಟರ್‌ಗೆ ಇಂಟರ್ವಲ್ 3 (ಮೂರು ತಿಂಗಳಿಗೊಂದು ಗುರುತು) ಕೊಟ್ಟರೆ ಹನ್ನೆರಡು ಗುರುತುಗಳ ಆಸುಪಾಸು ಬರುತ್ತವೆ, ಅದು ಕಣ್ಣಿಗೆ ಹಿತ. ಅವಧಿ ಬದಲಾಗುತ್ತಲೇ ಇರುವ ಗ್ರಾಫ್ ಆದರೆ ಆಟೋಡೇಟ್‌ಲೊಕೇಟರ್ ಜೊತೆಗೆ ಕನ್ಸೈಸ್‌ಡೇಟ್‌ಫಾರ್ಮ್ಯಾಟರ್ ಹಾಕಿ. ಈ ಫಾರ್ಮ್ಯಾಟರ್ ಪ್ರತಿ ಗುರುತಿಗೂ ವರ್ಷವನ್ನು ಮತ್ತೆ ಮತ್ತೆ ಬರೆಯುವುದಿಲ್ಲ, ವರ್ಷ ಬದಲಾಗುವಲ್ಲಿ ಮಾತ್ರ ಬರೆಯುತ್ತದೆ. ನಾನು ಮೊದಲು ಕೈಹಾಕುವುದು ಇದಕ್ಕೇ. ಫಾರ್ಮ್ಯಾಟ್ ನೀವೇ ಬರೆಯುವುದಾದರೆ ಶೇಕಡಾ ಚಿಹ್ನೆಯ ಮುಂದಿನ ಸಣ್ಣ ಎಂ ತಿಂಗಳು, ದೊಡ್ಡ ಎಂ ನಿಮಿಷ ಎಂಬುದು ನೆನಪಿರಲಿ. ತಿಂಗಳ ಜಾಗದಲ್ಲೆಲ್ಲ 00 ಕಂಡರೆ ಕಾರಣ ಅದೇ.

ಡೇಟಾಫ್ರೇಮ್‌ನ (ಪಾಂಡಾಸ್‌ನ ಕೋಷ್ಟಕ) ಸ್ವಂತ ಪ್ಲಾಟ್ ಬಳಸಿದ್ದರೆ ಲೊಕೇಟರ್ ಹಾಕಿದರೂ ವರ್ಷಗಳು ಅಸಂಬದ್ಧವಾಗಿ ಬರಬಹುದು, ಏಕೆಂದರೆ ಪಾಂಡಾಸ್ ದಿನಾಂಕಗಳನ್ನು ತನ್ನದೇ ಲೆಕ್ಕದಲ್ಲಿ ಇಡುತ್ತದೆ. ಆಗ ಆ ಪ್ಲಾಟ್‌ಗೆ ಎಕ್ಸ್_ಕಂಪ್ಯಾಟ್ ಅನ್ನು ಟ್ರೂ ಮಾಡಿ, ಅಥವಾ ನೇರವಾಗಿ ಮ್ಯಾಟ್‌ಪ್ಲಾಟ್‌ಲಿಬ್‌ನ ಆಕ್ಸಿಸ್ ಮೇಲೆ ಪ್ಲಾಟ್ ಮಾಡಿ. ಇಷ್ಟಾದ ಮೇಲೂ ಅಕ್ಷರಗಳು ಇಕ್ಕಟ್ಟಾಗಿದ್ದರೆ ಆಗ ಆಟೋಎಫ್‌ಎಂಟಿ_ಎಕ್ಸ್‌ಡೇಟ್ ಕರೆಯಿರಿ, ಅದು 30 ಡಿಗ್ರಿ ಓರೆ ಮಾಡುತ್ತದೆ.